ಬರೀ ಫೋಟೋ ನೋಡಿ ಚರ್ಮರೋಗ ಹೇಳೋಕಾಗತ್ತಾ?

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಚರ್ಮರೋಗಗಳ ಫೋಟೋ ಹಾಕಿ ಮನೆಯಲ್ಲೇ ಗುರುತು ಹಿಡೀರಿ ಅಂತ ಬರೆದಿದ್ರಲ್ಲ, ಅದನ್ನ ಓದಿದ ಮೇಲೆ ಈ ಕಾಗದ. ಉದ್ದೇಶ ಒಳ್ಳೇದೇ ಬಿಡಿ, ಆದ್ರೆ ಆ ಫೋಟೋಗಳಲ್ಲಿದ್ದಿದ್ದೆಲ್ಲ ಬೆಳ್ಳಗಿನ ಚರ್ಮ, ಅದರ ಮೇಲೆ ಕೆಂಪು ಕೆಂಪು ಗುಳ್ಳೆ. ಕಪ್ಪು ಅಥವಾ ಕಂದು ಮೈಬಣ್ಣದವರಿಗೆ ಅದೇ ಇಸುಬು, ಅದೇ ಸೋರಿಯಾಸಿಸ್ ಬಂದ್ರೆ ನೇರಳೆ ಥರಾನೋ ಬೂದಿ ಮಿಶ್ರ ಕಂದು ಥರಾನೋ ಕಾಣತ್ತೆ, ಕೆಂಪನ್ನೇ ಹುಡುಕ್ತಾ ಕೂತ್ರೆ ಸಿಗೋದೇ ಇಲ್ಲ.

ಆಮೇಲೆ ದುಂಡಗಿದ್ರೆ ಹುಳುಕಡ್ಡಿ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಸ್ವಾಮಿ, ದುಂಡಗೆ ಬರೋ ಕಾಯಿಲೆ ಬೇಕಾದಷ್ಟಿವೆ! ಹುಳುಕಡ್ಡಿ ಅಂದ್ರೆ ಫಂಗಸ್ ಸೋಂಕು, ಅದು ಸಾಮಾನ್ಯವಾಗಿ ಹೊರಗಡೆಗೆ ಹಬ್ಬುತ್ತೆ, ಅಂಚು ಸ್ವಲ್ಪ ಉಬ್ಬಿ ಹೊಟ್ಟು ಏಳತ್ತೆ, ನಡುವೆ ವಾಸಿಯಾದಂಗೆ ಕಾಣತ್ತೆ. ನಾಣ್ಯದಷ್ಟಗಲ ಬರೋ ಇಸುಬಲ್ಲಿ ಹಂಗಲ್ಲ, ಇಡೀ ಜಾಗಾನೇ ಕೆರೆತ, ನೀರು ಸೋರಿ ಹಕ್ಕಳೆ ಕಟ್ಟತ್ತೆ. ಸೋರಿಯಾಸಿಸ್ ಆದ್ರೆ ದಪ್ಪಗೆ ಬೆಳ್ಳಿ ಬಣ್ಣದ ಹೊಟ್ಟು, ಮೊಣಕೈ ಮೊಣಕಾಲು ತಲೆ ಮೇಲೆ ಜಾಸ್ತಿ, ಕೆಲವರಿಗೆ ಉಗುರಲ್ಲಿ ಸಣ್ಣ ಸಣ್ಣ ಗುಳಿ ಬೀಳತ್ತೆ. ಕುಷ್ಠದ ಮಚ್ಚೆ ಕೂಡ ಒಂದೊಂದ್ಸಲ ಉಂಗುರದ ಥರಾನೇ ಇರತ್ತೆ, ಆದ್ರೆ ಅಲ್ಲಿ ಮುಟ್ಟಿದ್ದು ಸರಿಯಾಗಿ ಗೊತ್ತಾಗಲ್ಲ, ಅದು ಯಾವ ಫೋಟೋದಲ್ಲಿ ಕಾಣತ್ತೆ ಹೇಳಿ? ಡಾಕ್ಟರಿಗೇ ಡೌಟ್ ಬಂದ್ರೆ ಅಂಚಿನ ಹೊಟ್ಟು ಸ್ವಲ್ಪ ಕೆರೆದು ತೆಗೆದು ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ಚರ್ಮದ ಜೀವಕೋಶಗಳು ಕರಗಿ ಫಂಗಸ್ ಇದ್ರೆ ಅದರ ಎಳೆಗಳು ಕಾಣ್ತವೆ. ದೊಡ್ಡ ಟೆಸ್ಟೇನಲ್ಲ ಅದು.

ನನಗೆ ಜಾಸ್ತಿ ಬೇಜಾರಾಗಿದ್ದು ಕ್ರೀಮಿನ ಬಗ್ಗೆ ಒಂದು ಮಾತೂ ಬರೀದೇ ಇದ್ದಿದ್ದಕ್ಕೆ. ಫೋಟೋ ನೋಡಿ ಇದೇ ಅಂತ ತೀರ್ಮಾನ ಮಾಡಿದವರು ಮುಂದೆ ಮಾಡೋದು ಏನು, ಮೆಡಿಕಲ್ ಶಾಪಿಗೆ ಹೋಗಿ ಸ್ಟೀರಾಯ್ಡ್ ಸೇರಿರೋ ಟ್ಯೂಬ್ ತಂದು ಹಚ್ಚೋದು, ನಾಲ್ಕು ದಿನ ಕೆರೆತ ನಿಂತು ಬಣ್ಣ ಇಳಿಯತ್ತೆ, ಆಹಾ ಎಂಥಾ ಕ್ರೀಮು ಅಂತ ಪಕ್ಕದವರಿಗೂ ಹೇಳ್ತಾರೆ, ಒಳಗೆ ಫಂಗಸ್ ಮಾತ್ರ ಆರಾಮಾಗಿ ಹಬ್ಬುತ್ತಾ ಇರತ್ತೆ. ಕೊನೆಗೆ ಆ ಉಂಗುರದ ಅಂಚು ಅಳಿಸಿಹೋಗಿ ರೋಗ ತನ್ನ ಗುರುತನ್ನೇ ಕಳ್ಕೊಂಡಿರತ್ತೆ, ಆಗ ನಿಮ್ಮ ಫೋಟೋಗೂ ಹೊಂದಲ್ಲ, ಡಾಕ್ಟರಿಗೂ ಕಷ್ಟ.

ಕಜ್ಜಿ ವಿಷಯದಲ್ಲಂತೂ ಕಣ್ಣಿಗಿಂತ ಕಿವಿ ಮುಖ್ಯ. ರಾತ್ರಿ ಹೊತ್ತು ಕೆರೆತ ಜಾಸ್ತಿನಾ, ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ ಇದೆಯಾ, ಮನೇಲಿ ಬೇರೆಯವರೂ ಕೆರ್ಕೋತಿದ್ದಾರಾ, ಇಷ್ಟು ಕೇಳಿದ್ರೇನೇ ಅರ್ಧ ಗೊತ್ತಾಗತ್ತೆ. ಮೊದಲ ಸಲ ಕಜ್ಜಿ ತರೋ ಸಣ್ಣ ಹುಳ ಹತ್ತಿದವರಿಗೆ ಕೆರೆತ ಶುರುವಾಗೋಕೆ 4ರಿಂದ 6 ವಾರ ಹಿಡಿಯತ್ತೆ, ಅದಕ್ಕೇ ಏನೂ ಇಲ್ಲದಂಗೆ ಕಾಣೋರಿಗೂ ಸೇರಿಸಿ ಮನೆಮಂದಿಗೆಲ್ಲ ಒಟ್ಟಿಗೇ ಔಷಧಿ ಕೊಡೋದು.

ಇನ್ನು ಸರ್ಪಸುತ್ತು. ಗುಳ್ಳೆ ಏಳೋಕೆ ಮುಂಚೆಯೇ ಮೈಯ ಒಂದೇ ಪಕ್ಕದಲ್ಲಿ ಉರಿ, ನೋವು ಶುರುವಾಗಿರತ್ತೆ, ಗುಳ್ಳೆ ಬಂದು 72 ಗಂಟೆ ಒಳಗೆ ವೈರಸ್ ತಡೆಯೋ ಮಾತ್ರೆ ಶುರು ಮಾಡಿದ್ರೆ ಒಳ್ಳೇದು, ಫೋಟೋ ಹೋಲಿಸ್ತಾ ಕೂರೋಕೆ ಟೈಮಿಲ್ಲ. ಕಣ್ಣಿನ ಹತ್ತಿರ ಬಂದ್ರಂತೂ ಅವತ್ತೇ ಹೋಗ್ಬೇಕು.

ಇನ್ನೊಂದು ಸಲ ಈ ಥರ ಹಾಕೋದಾದ್ರೆ ಎಲ್ಲಾ ಮೈಬಣ್ಣದ ಫೋಟೋನೂ ಹಾಕಿ. ಜೊತೆಗೆ ಯಾವಾಗಿಂದ ಇದೆ, ಮೊದಲು ಎಲ್ಲಿ ಕಾಣಿಸ್ತು, ಏನೇನು ಹಚ್ಚಿದ್ದೀರಿ ಅನ್ನೋ ಪ್ರಶ್ನೆಗಳನ್ನೂ ಕೊಡಿ, ಹಚ್ಚಿದ ಟ್ಯೂಬು ಖಾಲಿಯಾಗಿದ್ರೂ ಎಸೀದೇ ಡಾಕ್ಟರ ಹತ್ರ ತಗೊಂಡು ಹೋಗಿ ಅಂತ ದಪ್ಪ ಅಕ್ಷರದಲ್ಲಿ ಬರೀರಿ.

ಇತಿ,
ಒಬ್ಬ ಓದುಗ