ಟವೆಲ್ ಬೇರೆ ಇಟ್ಟದ್ದು ಸಾಕು ಅಕ್ಕ

ಬ್ರಿಸ್ಬೇನ್
ಶನಿವಾರ, ರಾತ್ರಿ ಎರಡು ಗಂಟೆ

ಅಕ್ಕ,

ನಾವಿಲ್ಲಿ ಚೆನ್ನಾಗಿದ್ದೇವೆ. ಭಾವ, ಸಿಂಚು, ನಿಮ್ಮತ್ತೆ ಎಲ್ಲರೂ ಆರಾಮ ಅಂದುಕೊಂಡಿದ್ದೇನೆ. ಅಮ್ಮನ ಮಂಡಿಗೆ ಕಳಿಸಿದ ಬೆಲ್ಟ್ ತಲುಪಿತಾ? ನೈಟ್ ಶಿಫ್ಟ್‌ನಲ್ಲಿದ್ದೇನೆ. ಈಗಷ್ಟೇ ಮಷೀನಿಗೆ ಒಂದು ಲೋಡ್ ಹಾಕಿ ಕೂತೆ, ಮುಗಿಯೋಕೆ ಮುಕ್ಕಾಲು ಗಂಟೆ ಇದೆ. ಅಷ್ಟರಲ್ಲಿ ಬರೆದು ಮುಗಿಸುತ್ತೇನೆ.

ನಿನ್ನ ಮೇಲ್ ಮೂರು ಸಲ ಓದಿದೆ. ಫೋನಲ್ಲಿ ಹೇಳೋಕಾಗದೆ ಬರೆದಿದ್ದೀಯ ಅಂತ ಗೊತ್ತಾಯಿತು, ಹಾಲಲ್ಲಿ ನಿಮ್ಮತ್ತೆ ಟೀವಿ ಮುಂದೆ ಕೂತಿರುತ್ತಾರಲ್ಲ. ಗರ್ಭಕೋಶದ ಬಾಯಿಯ ಟೆಸ್ಟಲ್ಲಿ ಎಚ್‌ಪಿವಿ ಅನ್ನೋ ವೈರಸ್ ಪಾಸಿಟಿವ್, ಅದರಲ್ಲೂ 16ನೇ ನಂಬರಿನ ಜಾತಿಯದು ಅಂತ ರಿಪೋರ್ಟ್ ಬಂದಿದೆ. ಅದಕ್ಕೆ ನೀನು ಟವೆಲ್ ಬೇರೆ ಮಾಡಿಕೊಂಡಿದ್ದೀಯ, ಸೋಪು ಬೇರೆ, ಚೊಂಬು ಬೇರೆ. ಸಿಂಚುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿಲ್ಲ. ಬಚ್ಚಲಿಗೆ ದಿನಾ ಸ್ಯಾನಿಟೈಸರ್ ಸುರಿಯುತ್ತಿದ್ದೀಯ. ಓದಿ ಅಳು ಬಂತು, ಆಮೇಲೆ ಸಿಟ್ಟು ಬಂತು. ನಮ್ಮಜ್ಜಿ ಕಾಲದಲ್ಲಿ ಮೂರು ದಿನ ಹೊರಗೆ ಕೂರಿಸುತ್ತಿದ್ದರು ಅಂತ ನಾವಿಬ್ಬರೂ ಎಷ್ಟು ಜಗಳ ಆಡಿದ್ದೆವು. ಈಗ ನಿನ್ನನ್ನು ನೀನೇ ಹೊರಗೆ ಕೂರಿಸಿಕೊಂಡಿದ್ದೀಯ, ಅದೂ ಯಾರೂ ಹೇಳದೆ.

ಈ ವೈರಸ್ ಮೈಯಿಂದ ಹೊರಗೆ ಎಷ್ಟು ದಿನ ಬದುಕುತ್ತದೆ ಅಂತ ಕೇಳಿದ್ದೀಯ. ಸುಳ್ಳು ಹೇಳಲ್ಲ, ಬದುಕುತ್ತದೆ, ಗಟ್ಟಿ ಪಿಂಡ ಇದು. ಕೊರೊನಾ ವೈರಸ್ಸಿಗೆ ಮೇಲೆ ಜಿಡ್ಡಿನ ಪದರ ಇತ್ತು, ಸೋಪು ತಾಗಿದರೆ, ಸ್ಯಾನಿಟೈಸರ್ ತಾಗಿದರೆ ಒಡೆದು ಹೋಗುತ್ತಿತ್ತು. ಇದಕ್ಕೆ ಆ ಜಿಡ್ಡೇ ಇಲ್ಲ, ಬರೀ ಪ್ರೋಟೀನಿನ ಗಟ್ಟಿ ಚಿಪ್ಪು. ನಮ್ಮ ಅಟ್ಟದ ಮೇಲೆ ಕೊಬ್ಬರಿಗೆ ಅಂತ ವರ್ಷಗಟ್ಟಲೆ ಬಿದ್ದಿರುವ ಕಾಯಿ ನೆನೆಸಿಕೋ. ಲ್ಯಾಬಲ್ಲಿ ಒಣಗಿಸಿಟ್ಟು ನೋಡಿದಾಗ ಒಂದು ವಾರ ಆದ ಮೇಲೂ ಮೂರರಲ್ಲೊಂದು ಪಾಲಿನಷ್ಟು ಶಕ್ತಿ ಉಳಿದಿತ್ತಂತೆ. ಸ್ಯಾನಿಟೈಸರ್‌ಗೆ ಇದು ಬಗ್ಗಲ್ಲ, ನೀನು ಸುರಿದ ದುಡ್ಡೆಲ್ಲ ಮೋರಿಗೆ ಹೋಯಿತು. ಬ್ಲೀಚಿಂಗ್ ನೀರಿಗೆ ಸಾಯುತ್ತದೆ, ಹಬೆ ಮಷೀನಿನ ಬಿಸಿಗೆ ಸಾಯುತ್ತದೆ.

ನಾನು ಮಾಡುವ ಕೆಲಸವೇ ಅದು ಅಲ್ವಾ. ಅಮ್ಮ ಊರಲ್ಲೆಲ್ಲ ನನ್ನ ಮಗಳು ಆಸ್ಪತ್ರೆಯಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ ಅನ್ನುತ್ತಾಳೆ, ನಾನು ತೊಳೆಯುವವಳು. ಕತ್ತರಿ, ಚಿಮಟ, ಹೆಂಗಸರ ಪರೀಕ್ಷೆಗೆ ಬಳಸುವ ಸ್ಪೆಕ್ಯುಲಮ್, ಎಲ್ಲ ನನ್ನ ಕೈಗೇ ಬರುತ್ತದೆ. ತೊಳೆದು, ಒರೆಸಿ, ಲೆನ್ಸ್ ಹಿಡಿದು ಕೀಲುಗಳ ಸಂದಿ ನೋಡಿ, ಪೊಟ್ಟಣ ಕಟ್ಟಿ 134 ಡಿಗ್ರಿ ಹಬೆಗೆ ಹಾಕುತ್ತೇವೆ. ಒಳಗಿಂದ ಮಾಡುವ ಸ್ಕ್ಯಾನಿಂಗ್‌ನ ಕೋಲು ಇರುತ್ತದಲ್ಲ, ಅದು ಅಷ್ಟು ಬಿಸಿ ತಡೆಯಲ್ಲ. ಅದನ್ನು ಮೊದಲು ಒರೆಸಿ ಒಣಗಿಸಿ, ಒಂದು ಪೆಟ್ಟಿಗೆಯೊಳಗೆ ನೇತು ಹಾಕಿ ಬಾಗಿಲು ಮುಚ್ಚುತ್ತೇವೆ. ಒಳಗೆ ಹೈಡ್ರೋಜನ್ ಪೆರಾಕ್ಸೈಡಿನ ಮಂಜು ತುಂಬಿಕೊಳ್ಳುತ್ತದೆ. 7 ನಿಮಿಷ. ಜೊತೆಗೆ ಇಟ್ಟ ಸಣ್ಣ ಬಿಲ್ಲೆಯ ಬಣ್ಣ ಬದಲಾಗದಿದ್ದರೆ ಮತ್ತೆ ಮೊದಲಿಂದ. ಆ ಕೋಲಿಗೆ ಇಷ್ಟೆಲ್ಲ ಉಪಚಾರ ಯಾಕೆ ಅಂದರೆ ಅದು ಒಬ್ಬರ ಒಳಗಿಂದ ಇನ್ನೊಬ್ಬರ ಒಳಗೆ ಹೋಗುತ್ತದೆ. ನಿನ್ನ ಚೊಂಬು ಹಾಗೆ ಹೋಗುತ್ತದಾ ಹೇಳು.

ವೈರಸ್ ಟವೆಲ್ ಮೇಲೆ ಬದುಕಿರುವುದು ಬೇರೆ, ಟವೆಲಿಂದ ಇನ್ನೊಬ್ಬರಿಗೆ ಅಂಟುವುದು ಬೇರೆ. ಬೀಜ ಸಿಮೆಂಟ್ ಮೇಲೆ ಬಿದ್ದಿದ್ದರೆ ಮೊಳಕೆ ಬರಲ್ಲ. ಇದಕ್ಕೆ ಚರ್ಮದ ಮೇಲ್ಪದರ ಎಲ್ಲೋ ಸಣ್ಣದಾಗಿ ತರಚಿರಬೇಕು, ಅಲ್ಲಿಂದ ತಳದ ಪದರಕ್ಕೆ ಇಳಿಯಬೇಕು. ಅದು ಆಗುವುದು ಹೆಚ್ಚಾಗಿ ಗಂಡ ಹೆಂಡತಿ ಕೂಡಿದಾಗ, ಚರ್ಮಕ್ಕೆ ಚರ್ಮ ಉಜ್ಜಿದಾಗ. ಟವೆಲಿಂದ, ಛತ್ರದ ಟಾಯ್ಲೆಟ್ಟಿಂದ ಗರ್ಭಕೋಶದ ಬಾಯಿಗೆ ಬಂತು ಅಂತ ಸಾಬೀತಾಗಿಲ್ಲ. ಒಳ ಉಡುಪು, ಟವೆಲ್ ಯಾರಾದರೂ ತಮ್ಮದು ತಾವು ಇಟ್ಟುಕೊಂಡರೆ ಒಳ್ಳೆಯದೇ, ಅದು ಸ್ವಚ್ಛತೆ ಅಷ್ಟೆ. ಬಟ್ಟೆ ಎಲ್ಲರದ್ದೂ ಒಟ್ಟಿಗೆ ಮಷೀನಿಗೆ ಹಾಕು. ಸಿಂಚುವನ್ನು ಇವತ್ತೇ ಪಕ್ಕದಲ್ಲಿ ಮಲಗಿಸಿಕೋ.

ಇನ್ನೊಂದು ಗೊತ್ತಾ, ಎಚ್‌ಪಿವಿಯಲ್ಲಿ 200ಕ್ಕೂ ಜಾಸ್ತಿ ಜಾತಿ ಇದೆ. ನಾಲ್ಕನೇ ಕ್ಲಾಸಲ್ಲಿ ನಿನ್ನ ಹೆಬ್ಬೆರಳಿಗೆ ನರಹುಲಿ ಎದ್ದು, ಅಜ್ಜಿ ಜಟಕಾ ಸಾಬರ ಹತ್ತಿರ ಕುದುರೆ ಬಾಲದ ಕೂದಲು ಕೇಳಿ ತಂದು ಬಿಗಿಯಾಗಿ ಕಟ್ಟಿದ್ದಳಲ್ಲ? ಅದೂ ಇದೇ ಮನೆತನ. ಆ ಜಾತಿ ಬೇಕಿದ್ದರೆ ಒದ್ದೆ ನೆಲದಿಂದ ಕಾಲಿಗೆ ಅಂಟಬಹುದು, ಅದಕ್ಕೇ ಇಲ್ಲಿ ಈಜುಕೊಳದ ಬಚ್ಚಲಲ್ಲಿ ಚಪ್ಪಲಿ ಹಾಕಿ ಅನ್ನುತ್ತಾರೆ. ಯಾರು ಕೇಳುತ್ತಾರೆ? ಇಲ್ಲಿನವರು ಸೂಪರ್ ಮಾರ್ಕೆಟ್ಟಿಗೇ ಬರಿಗಾಲಲ್ಲಿ ಬರುತ್ತಾರೆ, ಆಮೇಲೆ ನಾವು ಕೈಯಲ್ಲಿ ಊಟ ಮಾಡಿದರೆ ಕಣ್ಣರಳಿಸುತ್ತಾರೆ. ಅವತ್ತು ನಿನ್ನ ತಟ್ಟೆ ಯಾರೂ ಬೇರೆ ಮಾಡಲಿಲ್ಲ.

ಭಾವನ ವಿಷಯ. ಇದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ, ನೇರವಾಗಿ ಬರೆಯುತ್ತೇನೆ. "ಎಲ್ಲಿಂದ ತಂದರು" ಅಂತ ನಿದ್ದೆ ಕೆಡಿಸಿಕೊಂಡಿದ್ದೀಯ. ಅದನ್ನು ಯಾವ ಡಾಕ್ಟರೂ ಹೇಳಲಾರರು. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಮಲಗಿರುತ್ತದೆ. ಮದುವೆಯ ಹೊಸದರಲ್ಲಿ ಬಂದದ್ದೋ, ಆಮೇಲೋ, ಯಾರಿಂದ ಯಾರಿಗೋ ಹೇಳೋಕಾಗಲ್ಲ. ಗಂಡಸರಿಗೆ ಮಾಡಿಸುವ ಮಾಮೂಲಿ ಟೆಸ್ಟೂ ಇಲ್ಲ. ಸಂಸಾರ ಮಾಡುವವರಲ್ಲಿ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ತಗುಲಿರುತ್ತದೆ, ಹತ್ತರಲ್ಲಿ ಒಂಬತ್ತು ಜನಕ್ಕೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತದೆ, ಗೊತ್ತೇ ಆಗಲ್ಲ. ಕಾಂಡೋಮ್ ಬಳಸಿದರೆ ಅಪಾಯ ಕಡಿಮೆ, ಪೂರ್ತಿ ತಡೆಯಲ್ಲ. ಅವರ ಶರ್ಟಿನ ಜೇಬು ಹುಡುಕುವುದು ನಿಲ್ಲಿಸು ಅಕ್ಕ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ವಿಷಯ. ಡಾಕ್ಟರು ಕಾಲ್ಪೊಸ್ಕೊಪಿಗೆ, ಅಂದರೆ ಗರ್ಭಕೋಶದ ಬಾಯಿಯನ್ನು ಲೆನ್ಸಲ್ಲಿ ನೋಡುವ ಪರೀಕ್ಷೆಗೆ, ಡೇಟ್ ಕೊಟ್ಟಿದ್ದರು, ನೀನು ಮನೆಯಲ್ಲಿ ಹಬ್ಬ ಅಂತ ಹೋಗಲಿಲ್ಲ. ಬಚ್ಚಲು ಉಜ್ಜೋಕೆ ಟೈಮ್ ಇದೆ, ಅದಕ್ಕಿಲ್ಲ. 16 ಮತ್ತು 18, ಈ ಎರಡೇ ಸೇರಿ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ನಲ್ಲಿ ನೂರಕ್ಕೆ 70 ಪಾಲು ತರುತ್ತವೆ. ಹೆದರಬೇಡ, ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಆದರೆ ನಿನಗೆ ಯಾವಾಗ ಬಂತು ಅಂತ ಗೊತ್ತಿಲ್ಲವಲ್ಲ, ಅದಕ್ಕೇ ನೋಡಿಸಬೇಕು. ಅದರಲ್ಲಿ ಏನೂ ಇಲ್ಲ. ಗರ್ಭಕೋಶದ ಬಾಯಿಗೆ ವಿನೆಗರ್ ಹಚ್ಚುತ್ತಾರೆ, ಗೋಬಿ ಮಂಚೂರಿಗೆ ಹಾಕುವುದೇ, ಇನ್ನೂ ತೆಳು. ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ, ದೊಡ್ಡ ಲೆನ್ಸಲ್ಲಿ ನೋಡುತ್ತಾರೆ. ಅನುಮಾನ ಬಂದರೆ ಅಕ್ಕಿ ಕಾಳಿನಷ್ಟು ಚೂರು ತೆಗೆಯುತ್ತಾರೆ, ಚುರುಕ್ ಅನ್ನುತ್ತದೆ. ಮುಂದೆ ಕೆಡಬಹುದಾದ ಜಾಗ ಸಿಕ್ಕಿದರೆ ಸುಟ್ಟೋ ಕತ್ತರಿಸಿಯೋ ತೆಗೆದು ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ತಿಪಟೂರಲ್ಲಿ ಯಾರಾದರೂ ನೋಡುತ್ತಾರೆ ಅಂತ ಅನಿಸಿದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗು, ಚಿಕ್ಕಮ್ಮನ ಮನೆಯಲ್ಲಿ ಉಳಿದುಕೋ, ಕಣ್ಣಿನ ಟೆಸ್ಟ್ ಅಂತ ಹೇಳು ಬೇಕಿದ್ದರೆ. ಮೂವತ್ತು ಸಾವಿರ ಹಾಕಿದ್ದೇನೆ. ವಾಪಸ್ ಕಳಿಸಿದರೆ ಮಾತಾಡಲ್ಲ.

ಸಿಂಚುಗೆ ಲಸಿಕೆ ಹಾಕಿಸು. ಹನ್ನೆರಡಾಯಿತಲ್ಲ, ಸರಿಯಾದ ವಯಸ್ಸು, 9ರಿಂದ 14ರೊಳಗೆ ಹಾಕಿಸಿದರೆ ತುಂಬಾ ಒಳ್ಳೆಯದು. ನಿನಗಿರುವುದನ್ನು ಲಸಿಕೆ ವಾಸಿ ಮಾಡಲ್ಲ, ಅವಳಿಗೆ ಬರದಂತೆ ತಡೆಯುತ್ತದೆ. ಪುಣೆಯ ಸೀರಮ್‌ನವರ ಸರ್ವಾವ್ಯಾಕ್ ಇದೆ, ನಮ್ಮ ದೇಶದ್ದೇ. ಮದುವೆಯಾಗದ ಹುಡುಗಿಗೆ ಅಂಥ ಇಂಜೆಕ್ಷನ್ ಯಾಕೆ ಅಂತ ನಿಮ್ಮತ್ತೆ ಕೇಳಿದರೆ, ಇಲ್ಲಿ ಗಂಡು ಹುಡುಗರಿಗೂ 2013ರಿಂದ ಸ್ಕೂಲಲ್ಲೇ ಹಾಕುತ್ತಾರೆ ಅನ್ನು. ಅದರಲ್ಲಿರುವುದು ವೈರಸ್ಸಿನ ಖಾಲಿ ಚಿಪ್ಪು, ಒಳಗೆ ಕೊಬ್ಬರಿಯೇ ಇಲ್ಲ. ಅದನ್ನು ಮಾಡುವ ದಾರಿ ಕಂಡುಕೊಂಡದ್ದು ಇದೇ ಬ್ರಿಸ್ಬೇನಿನ ಯೂನಿವರ್ಸಿಟಿಯಲ್ಲಿ, ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಅಂತ ಇಬ್ಬರು. ಝೌ ಚೀನಾದಿಂದ ಬಂದವರು. 1999ರಲ್ಲೇ ತೀರಿಕೊಂಡರು, ಪಾಪ, 2006ರಲ್ಲಿ ಲಸಿಕೆ ಬಂದದ್ದನ್ನು ನೋಡಲಿಲ್ಲ.

ನನ್ನದೂ ಹೇಳಿಬಿಡುತ್ತೇನೆ. ಇಲ್ಲಿ 25 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಂದು ಟೆಸ್ಟ್, ಎಲ್‌ಐಸಿ ಪ್ರೀಮಿಯಂ ತರ ಪತ್ರ ಬರುತ್ತದೆ. ನನ್ನ ಪತ್ರ ಫ್ರಿಜ್ಜಿನ ಮೇಲೆ ಎರಡು ವರ್ಷದಿಂದ ಅಂಟಿಕೊಂಡಿತ್ತು. ನಿನ್ನ ಮೇಲ್ ಬಂದ ಮೂರನೇ ದಿನ ಹೋದೆ. ಬೇಕಿದ್ದರೆ ಪರದೆ ಹಿಂದೆ ಹೋಗಿ ನಾವೇ ಹತ್ತಿ ಕಡ್ಡಿಯಲ್ಲಿ ತೆಗೆದು ಕೊಡಬಹುದು, ಆಗ ಡಾಕ್ಟರ್ ಮುಟ್ಟುವುದೂ ಇಲ್ಲ. ರಿಸಲ್ಟ್ ಇನ್ನೂ ಬಂದಿಲ್ಲ. ಅಮ್ಮನಿಗೆ ಹೇಳಬೇಡ.

ನಿನಗೇನೂ ಆಗಲ್ಲ ಅಕ್ಕ. ಖಂಡಿತ ಏನೂ ಆಗಲ್ಲ. ನಾನು ಸ್ವಲ್ಪವೂ ಹೆದರಿಲ್ಲ. ಬೆಂಗಳೂರಿಗೆ ಟಿಕೆಟ್ ರೇಟ್ ನೋಡಿದೆ, ಸುಮ್ನೆ ನೋಡಿದೆ ಅಷ್ಟೆ, ರಜೆ ಇನ್ನೂ ಕೇಳಿಲ್ಲ.

ಮಷೀನ್ ಕೂಗುತ್ತಿದೆ, ಲೋಡ್ ಇಳಿಸಬೇಕು. ಸೋಮವಾರ ಫೋನ್ ಮಾಡಿ ಡೇಟ್ ತಗೋ, ತಗೊಂಡ ತಕ್ಷಣ ನನಗೆ ಡೇಟ್ ಮಾತ್ರ ಮೆಸೇಜ್ ಮಾಡು, ಬೇರೇನೂ ಬರೆಯಬೇಡ, ಅರ್ಥವಾಗುತ್ತದೆ. ಅಮ್ಮನ ಬೆಲ್ಟ್ ಕೇಳೋದು ಮರೀಬೇಡ.

ನಿನ್ನ ತಂಗಿ