ಬೆಟ್ಟ ಹತ್ತಿ ಆಡಿದ ಮಾತು

ಮಾನ್ಯರೇ,

ಕಳೆದ ಮಳೆಗಾಲ ನನಗೆ ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು. ಎದೆ ಡವಡವ, ಅಂಗೈ ಬೆವರು. ಕೊಳೆರೋಗಕ್ಕೆ ಅರ್ಧ ತೋಟದ ಅಡಿಕೆ ಉದುರಿತ್ತು. ನಾನೂ ಯಜಮಾನರೂ ಮಾತು ಬಿಟ್ಟು ತಿಂಗಳಾಗಿತ್ತು. ಇಸಿಜಿ ಸರಿಯಿತ್ತು. ಆತಂಕ ಇರಬಹುದು, ಆಪ್ತಸಮಾಲೋಚಕರ ಹತ್ತಿರ ಮಾತಾಡಿ ಅಂದರು ಡಾಕ್ಟರು. ಶಿರಸಿ ಪೇಟೆಯಲ್ಲಿ ಅಂಥ ಬಾಗಿಲಲ್ಲಿ ನಿಂತರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ, ಅಲ್ವಾ? ಮಗಳು ಮೊಬೈಲ್‌ಗೆ ಒಂದು ಆ್ಯಪ್ ಹಾಕಿಕೊಟ್ಟಳು. ದುಡ್ಡು ಮೊದಲೇ ಕಟ್ಟಬೇಕು. ಆಚೆ ಕಡೆಯವರಿಗೆ ಕನ್ನಡ ಬಾರದು. ನನ್ನ ಸಂಕಟವನ್ನು ಹಿಂದಿಯಲ್ಲಿ ಹೇಗೆ ಹೇಳಲಿ? ನಡುವೆ ವಿಡಿಯೋ ಕಟ್ಟಾಯಿತು, ದುಡ್ಡೂ ಹೋಯಿತು.

ಆಮೇಲೆ ಆಶಾ ಕಾರ್ಯಕರ್ತೆ 14416 ನಂಬರು ಕೊಟ್ಟರು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಇಂಟರ್‌ನೆಟ್ ಬೇಡ. ಸೊಪ್ಪಿನ ಬೆಟ್ಟ ಹತ್ತಿ, ಸಿಗ್ನಲ್ ಸಿಗುವ ಮತ್ತಿಮರದ ಕೆಳಗೆ ಕೊಡೆ ಹಿಡಿದು ನಿಂತು ಮಾತಾಡಿದೆ. ಆಚೆ ಇದ್ದ ಹೆಣ್ಣುಮಗಳು ಬುದ್ಧಿವಾದ ಹೇಳಲಿಲ್ಲ. ಸುಮ್ನೆ ಕೇಳಿಸಿಕೊಂಡಳು. ಉಸಿರು ನಿಧಾನಕ್ಕೆ ಬಿಡುವುದನ್ನು ಫೋನಿನಲ್ಲೇ ಮಾಡಿಸಿದಳು. ನಾಲ್ಕನೇ ಸಲಕ್ಕೆ ಯಜಮಾನರೂ ಬೆಟ್ಟಕ್ಕೆ ಬಂದರು. ಏನೂ ಮಾತಾಡದೆ ನನ್ನ ಕೈಯಿಂದ ಕೊಡೆ ತೆಗೆದುಕೊಂಡು ಹಿಡಿದರು.

ಆರೋಗ್ಯ ಇಲಾಖೆಯವರಲ್ಲಿ ಕೇಳುವುದಿಷ್ಟೆ. ಈ ನಂಬರನ್ನು ಹಾಲಿನ ಡೇರಿ, ಸೊಸೈಟಿ, ರೇಷನ್ ಅಂಗಡಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಮಳೆಗೆ ಕರೆಂಟು ಹೋದರೆ ನಮ್ಮಲ್ಲಿ ಟವರ್ ಕೂಡ ಸತ್ತುಹೋಗುತ್ತದೆ. ಸಂಬಂಧಪಟ್ಟವರು ಅದಕ್ಕೂ ಒಂದು ದಾರಿ ಮಾಡಲಿ.

– ಅಡಿಕೆ ಬೆಳೆಗಾರ ಮಹಿಳೆ, ಶಿರಸಿ ತಾಲೂಕು