ಮದುವೆ ಊಟ ಕಳಿಸುವ ಮುಂಚೆ

ಮಾನ್ಯ ಸಂಪಾದಕರೇ,

ಮದುವೆಯಲ್ಲಿ ಮಿಕ್ಕ ಊಟ ಚೆಲ್ಲಬೇಡಿ, ಆಶ್ರಮಗಳಿಗೆ ಕೊಡಿ ಎಂದು ಓದುಗರು ಆಗಾಗ ಬರೆಯುತ್ತಾರೆ. ಒಳ್ಳೆಯ ಮಾತು. ಆ ಊಟ ಬಂದು ಇಳಿಯುವ ಕಡೆಯಿಂದ ನಾನು ಬರೆಯುತ್ತಿದ್ದೇನೆ. ಮೈಸೂರಿನ ಒಂದು ವೃದ್ಧಾಶ್ರಮದ ಅಡುಗೆಮನೆ ನನ್ನ ಜವಾಬ್ದಾರಿ.

ಆಷಾಢ ಬಿಟ್ಟರೆ ಲಗ್ನ ಇರುವ ದಿನವೆಲ್ಲ ನಮಗೆ ಫೋನ್ ಬರುತ್ತದೆ. ಬರುವ ಹೊತ್ತು ಮಾತ್ರ ಸಂಜೆ ನಾಲ್ಕೂವರೆ, ಐದು. ಕೊನೇ ಪಂಕ್ತಿ ಎದ್ದು, ಬೀಗರನ್ನು ಕಳಿಸಿ, ಛತ್ರ ಖಾಲಿ ಮಾಡುವಾಗ ನಮ್ಮ ನೆನಪಾಗುತ್ತದೆ. ಅನ್ನ ಆಗಿರುವುದು ಬೆಳಿಗ್ಗೆ ಹತ್ತು, ಹನ್ನೊಂದಕ್ಕೆ. "ಇನ್ನೂ ಬೆಚ್ಚಗಿದೆ ಮೇಡಂ, ಮುಚ್ಚಿಟ್ಟಿದ್ವಿ" ಅನ್ನುತ್ತಾರೆ. ನನಗೆ ಭಯ ಅದೇ.

ವೈಶಾಖದ ಒಂದು ಮದುವೆಯಿಂದ ದೊಡ್ಡ ಸ್ಟೀಲ್ ಡಬರಿ ತುಂಬ ಪಲಾವ್ ಬಂತು. ಮುಚ್ಚಳ ತೆಗೆದರೆ ಒಳಗೆಲ್ಲ ನೀರು ಹನಿ. ಮೇಲಿನ ಅನ್ನ ತಣ್ಣಗಿತ್ತು. ಅಡುಗೆಗೆ ಅಂತಲೇ ಇಟ್ಟುಕೊಂಡಿರುವ ಥರ್ಮಾಮೀಟರಿನ ಕಡ್ಡಿಯನ್ನು ನಡುವೆ ಚುಚ್ಚಿ ನೋಡಿದೆ. 41 ಡಿಗ್ರಿ. ಒತ್ತಿ ತುಂಬಿ ಮುಚ್ಚಿದರೆ ನಡುವಿನ ಅನ್ನ ಗಂಟೆಗಟ್ಟಲೆ ಹೀಗೇ ಇರುತ್ತದೆ, ಆರುವುದೇ ಇಲ್ಲ. ವಾಸನೆ ಘಮ್ ಅಂತಿತ್ತು, ಏನೂ ಹಳಸಿದ ಹಾಗೆ ಕಾಣಲಿಲ್ಲ. ಆದರೂ ವಾಪಸ್ ಕಳಿಸಿದೆ. "ಅನ್ನ ಬೇಡ ಅಂತೀರಲ್ಲ" ಎಂದು ತಂದ ಹುಡುಗ ಮುಖ ಸಣ್ಣ ಮಾಡಿದ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟೆ: ಬಿಸಿ ಊಟ 60 ಡಿಗ್ರಿ ಸೆಲ್ಸಿಯಸ್ ಮೇಲಿರಲಿ, ತಣ್ಣನೆಯದು 5ರ ಒಳಗಿರಲಿ, ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಈ 5ಕ್ಕೂ 60ಕ್ಕೂ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ.

"ಇನ್ನೊಂದ್ಸಲ ಬಿಸಿ ಮಾಡಿದರಾಯ್ತು, ಅಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ಅದರ ರೂಪ, ಅಕ್ಕಿಯ ಜೊತೆಗೇ ಬಂದಿರುತ್ತವೆ. ಅನ್ನ ಕುದಿದರೂ ಸಾಯುವುದಿಲ್ಲ. ಉಗುರುಬೆಚ್ಚಗೆ ಕೂತಾಗ ಎದ್ದು ಬೆಳೆದು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಹೋಗುವುದಿಲ್ಲ. ಪ್ರೆಷರ್ ಕುಕ್ಕರಿಗೂ ಬಗ್ಗದ್ದಕ್ಕೆ ನಮ್ಮ ಒಲೆ ಏನು ಮಾಡೀತು? ಬಡಿಸುವವರ ಕೈಯಿಂದ ಸೇರುವ ಸ್ಟ್ಯಾಫಿಲೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಿಡುವ ವಿಷದ ಕತೆಯೂ ಹೆಚ್ಚು ಕಡಿಮೆ ಹೀಗೇ. ಮದುವೆಗೆ ಬಂದ ಗಟ್ಟಿ ಆಳು ಎರಡು ಸಲ ವಾಂತಿ ಮಾಡಿ ಮಲಗಿ ಏಳುತ್ತಾನೆ. ನಮ್ಮಲ್ಲಿರುವ ಎಂಬತ್ತು ದಾಟಿದ ಅಜ್ಜಿಗೆ ಅದೇ ರಾತ್ರಿ ಆಸ್ಪತ್ರೆಯೇ ಗತಿ. ಆಮೇಲೆ "ಸಾಂಬಾರಿಗೆ ಹಲ್ಲಿ ಬಿದ್ದಿತ್ತಂತೆ" ಎನ್ನುವುದು ಬೇರೆ. ಮನೆ ಹಲ್ಲಿಗೆ ವಿಷವೇ ಇಲ್ಲ, ಪಾಪ.

ಮಿಕ್ಕ ಊಟ ಹಂಚುವುದಕ್ಕೆ ಅಂತಲೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ತಂದಿದೆ. ನಾನು ನೋಡಿದ ಛತ್ರದ ರಸೀದಿಗಳಲ್ಲಿ ಕರೆಂಟು, ಕಸ, ಗೋಡೆಗೆ ಮೊಳೆ ಹೊಡೆಯುವುದು ಎಲ್ಲಕ್ಕೂ ಷರತ್ತಿದೆ. ಇದರ ಬಗ್ಗೆ ಒಂದು ಸಾಲೂ ಇಲ್ಲ.

ಮದುವೆ ಮನೆಯವರಲ್ಲಿ ಕೇಳಿಕೊಳ್ಳುವುದು ಇಷ್ಟು. ಎರಡನೇ ಪಂಕ್ತಿ ಕೂತಾಗಲೇ ಅಡುಗೆ ಭಟ್ಟರನ್ನು ವಿಚಾರಿಸಿ. ಮಿಗುತ್ತದೆ ಅಂದರೆ ಆಗಲೇ ಫೋನ್ ಮಾಡಿ. ಒಲೆ ಮೇಲಿರುವುದನ್ನು ಹಬೆಯಾಡುತ್ತಿರುವಾಗಲೇ ಕಳಿಸಿ, ಇಳಿಸಿದ ಹೊತ್ತನ್ನು ಪಾತ್ರೆ ಮೇಲೆ ಚೀಟಿಯಲ್ಲಿ ಬರೆದು ಅಂಟಿಸಿ. ಬಡಿಸಿ ಉಳಿದ ಬಕೆಟ್ಟಿನದ್ದು ಬೇಡ. ಕೋಸಂಬರಿ, ಕಾಯಿ ಚಟ್ನಿ, ಮೊಸರನ್ನವಂತೂ ಬೇಡವೇ ಬೇಡ. ತಡವಾಯಿತಾ? ಉಗ್ರಾಣದಲ್ಲಿ ಉಳಿದ ಹೆಚ್ಚದ ತರಕಾರಿ, ತೆಂಗಿನಕಾಯಿ, ಅಕ್ಕಿ, ಬಾಳೆಹಣ್ಣು ಕೊಡಿ. ಅದನ್ನು ರಾತ್ರಿ ಎಂಟಕ್ಕೆ ತಂದರೂ ತೆಗೆದುಕೊಳ್ಳುತ್ತೇವೆ.

– ವೃದ್ಧಾಶ್ರಮವೊಂದರ ಅಡುಗೆಮನೆ ಮೇಲ್ವಿಚಾರಕಿ, ಮೈಸೂರು